ಬೇಸರದ ಗಂಟೆ ಮತ್ತು ಬಚ್ಚಲಿನ ಚಿಲಕ

ಫೋನಿನಿಂದ ಬೇಸರ ಹೋಗುವುದಿಲ್ಲ. ಇದು ನಿಮಗೂ ಗೊತ್ತು, ಗೊತ್ತಿಲ್ಲದವರ ಹಾಗೆ ಮುಖ ಮಾಡಬೇಡಿ. ಒಂದು ಗಂಟೆ ಅದನ್ನು ತೀಡಿ ತೀಡಿ ಕೆಳಗಿಟ್ಟ ಮೇಲೆ ಎಂದಾದರೂ "ಆಹಾ, ಮನಸ್ಸು ಹಗುರವಾಯಿತು" ಎಂದಿದ್ದೀರಾ? ಕತ್ತು ಹಿಡಿದಿರುತ್ತದೆ, ಒಲೆಯ ಮೇಲೆ ಹಾಲು ಉಕ್ಕಿರುತ್ತದೆ, ಬೇಸರ ಮಾತ್ರ ಮೊದಲು ಕೂತಿದ್ದ ಜಾಗದಲ್ಲೇ ಕಾಲು ಚಾಚಿಕೊಂಡು ಕೂತಿರುತ್ತದೆ.

ಇದನ್ನು ನಾನು ಕಾಲೇಜಿನಲ್ಲಿ ಕಲಿತದ್ದಲ್ಲ. ಹತ್ತನೆಯ ತರಗತಿಗೇ ನನ್ನ ಓದು ನಿಂತಿತು. ಮಿಕ್ಕ ವಿದ್ಯೆಯನ್ನೆಲ್ಲ ದಿನಸಿ ಕಟ್ಟಿ ಬಂದ ಹಳೆಯ ಪತ್ರಿಕೆಗಳಿಂದ ಸಂಪಾದಿಸಿದ್ದೇನೆ (ಹಾಗಾಗಿ ಲೋಕದ ಎಷ್ಟೋ ಘನ ವಿಷಯಗಳು ನನಗೆ ಅರ್ಧವಷ್ಟೇ ಗೊತ್ತು, ಉಳಿದರ್ಧ ಪಕ್ಕದ ಮನೆಯವರ ಸಕ್ಕರೆ ಪೊಟ್ಟಣಕ್ಕೆ ಹೋಗಿತ್ತು). ಹಗಲೆಲ್ಲ ಹೊಲಿಗೆ ಯಂತ್ರ ತುಳಿಯುತ್ತೇನೆ, ವಾರಕ್ಕೊಮ್ಮೆ ಈ ಅಂಕಣ ಬರೆಯುತ್ತೇನೆ. ಎರಡರಲ್ಲೂ ಚುಚ್ಚುವುದೇ ಕೆಲಸ.

ಈ ಸಲ ಸೂಜಿ ನನಗೇ ಚುಚ್ಚಿದೆ. ಹೇಳುತ್ತೇನೆ, ಕೇಳಿ.

ನಮ್ಮ ಯಜಮಾನರು ಮೂವತ್ತೊಂದು ವರ್ಷ ಒಂದು ಎಂಟು ಮಹಡಿಯ ಕಚೇರಿಯಲ್ಲಿ ಲಿಫ್ಟ್ ನಡೆಸಿದವರು. ದಿನಕ್ಕೆ ನೂರಾರು ಜನರೊಡನೆ ಮಾತು, ಒಬ್ಬೊಬ್ಬರೊಡನೆ ಅರ್ಧ ನಿಮಿಷ. ಮೂರನೆಯ ಮಹಡಿಯ ಟೈಪಿಸ್ಟಮ್ಮನ ಮಂಡಿನೋವು, ಆರನೆಯ ಮಹಡಿಯ ಸಾಹೇಬರ ಮಗಳ ಪರೀಕ್ಷೆ, ಎಲ್ಲದರ ವರದಿಯೂ ಸಂಜೆ ನಮ್ಮ ಅಡುಗೆಮನೆಗೆ ತಲುಪುತ್ತಿತ್ತು. ಎಂಟು ತಿಂಗಳ ಹಿಂದೆ ಒಂದು ಗೋಡೆ ಗಡಿಯಾರ ಕೊಟ್ಟು ಅವರನ್ನು ಶಾಶ್ವತವಾಗಿ ನೆಲಮಹಡಿಗೆ ಇಳಿಸಿದರು. ಅಪ್ಪನಿಗೆ ಬೇಜಾರಾಗಬಾರದೆಂದು ಮಗಳು ಅಂಗೈಯಗಲದ ಫೋನು ತಂದುಕೊಟ್ಟಳು. ಅಲ್ಲಿಗೆ ಮುಗಿಯಿತು. ಸೋಫಾದ ಮೂಲೆಯಲ್ಲಿ ಅವರ ಆಕಾರದ ಒಂದು ಗುಳಿ ಬಿತ್ತು.

"ಏನ್ರೀ ನೋಡ್ತಿದ್ದೀರಿ?"

"ಏನೂ ಇಲ್ಲ ಕಣೇ."

ಏನೂ ಇಲ್ಲದ್ದನ್ನು ದಿನಕ್ಕೆ ಆರು ಗಂಟೆ ನೋಡುವ ತಪಸ್ಸು! ಗಡ್ಡ ಬೆಳೆಯಿತು. ಊಟ ಅರ್ಧಕ್ಕಿಳಿಯಿತು. ನಾನು ಬೈದರೆ ತಿರುಗಿ ಬೈಯುವುದನ್ನೂ ಬಿಟ್ಟರು. (ಹೆಂಡತಿಯಾದವಳಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೆ?) ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಾ ಮೆಲ್ಲಗೆ ಹೇಳಿದಳು: "ಅಮ್ಮ, ಅಪ್ಪ ನಕ್ಕು ಎಷ್ಟು ದಿನ ಆಯ್ತು ನೋಡಿದ್ಯಾ? ನಿದ್ದೆ ಮಾತ್ರೆ ಕೇಳ್ಕೊಂಡು ನಮ್ಮಂಗಡಿಗೆ ಬರ್ತಾರಲ್ಲ, ಅವರ ಮುಖ ಹೀಗೇ ಇರುತ್ತೆ."

ಆ ಮಾತು ಕೇಳಿ ನನಗೆ ಭಯವಾಯಿತು. ನನಗೆ ಭಯವಾದರೆ ಅದು ಸಿಟ್ಟಿನ ವೇಷ ಹಾಕಿಕೊಂಡೇ ಹೊರಗೆ ಬರುವುದು. ಅಂದೇ ರಾಜಾಜ್ಞೆ ಹೊರಡಿಸಿದೆ: ದಿನವೂ ಸಂಜೆ ಆರರಿಂದ ಏಳು 'ಬೇಸರದ ಗಂಟೆ'. ಎಲ್ಲರ ಫೋನೂ ನನ್ನ ಗುಂಡಿ ಡಬ್ಬಿಯೊಳಗೆ. ಎಲ್ಲರೂ ಹಜಾರದಲ್ಲಿ ಕೂತು ಮನಸಾರೆ ಬೇಸರ ಪಡತಕ್ಕದ್ದು. ಬೇಸರ ಚೆನ್ನಾಗಿ ಹಣ್ಣಾದರೆ ಮನುಷ್ಯ ತಾನಾಗಿಯೇ ಬಾಯಿ ಬಿಡುತ್ತಾನೆ ಎಂಬುದು ನನ್ನ ಸಿದ್ಧಾಂತ.

ಮೊದಲ ಪ್ರತಿಭಟನೆ ಅತ್ತೆಯವರದು. "ನಾನು ಫೋನ್ ಇಟ್ಕೊಂಡಿರೋದೇ ಟೈಮ್ ನೋಡೋಕೆ ಕಣೇ."

"ಟೈಮ್ ನೋಡೋಕೇ ನಿಮಗೆ ಮೂರು ಗಂಟೆ ಹಿಡಿಯುತ್ತಲ್ಲ ಅತ್ತೆ. ಹಾಕಿ ಡಬ್ಬಿಗೆ."

"ಇವಳೊಬ್ಬಳು ಪೊಲೀಸು," ಎಂದು ಹಾಕಿದರು. ಮಗಳು ಹಾಕಿದಳು. ಯಜಮಾನರು ಲಿಫ್ಟಿನ ಕೀಲಿ ಒಪ್ಪಿಸಿದ ದಿನದ ಮುಖದಲ್ಲೇ ಹಾಕಿದರು. ನಾನೂ ಹಾಕಿದೆ.

ಇಲ್ಲಿ ಒಂದು ಸಣ್ಣ ವಿವರ. ನಾನು ಹಾಕಿದ್ದು ಎರಡು ವರ್ಷದ ಹಿಂದೆ ನೀರಿಗೆ ಬಿದ್ದು ಸತ್ತ ನನ್ನ ಹಳೆಯ ಫೋನು. ಜೀವವಿದ್ದದ್ದು ನನ್ನ ಲಂಗಕ್ಕೆ ನಾನೇ ಹೊಲಿದುಕೊಂಡ ಒಳಜೇಬಿನಲ್ಲಿತ್ತು. (ಎರಡು ಸಾಲು ಹೊಲಿಗೆ, ಗಟ್ಟಿ ದಾರ. ಗಿರಾಕಿಗಳಿಗೂ ನಾನು ಅಷ್ಟು ಶ್ರದ್ಧೆಯಿಂದ ಹೊಲಿದುಕೊಟ್ಟಿಲ್ಲ.) ಮೋಸ ಎನ್ನಬೇಡಿ. ಆ ವಾರವಷ್ಟೇ ನನ್ನ ಅಂಕಣ 'ಫೋನು ಕೆಳಗಿಡಿ, ಮನುಷ್ಯರಾಗಿ' ಅಚ್ಚಾಗಿತ್ತು. ಪತ್ರಿಕೆಯವರು ಅದನ್ನು ಫೋನಿನಲ್ಲೂ ಓದುವ ಹಾಗೆ ಹಾಕಿದ್ದರು. ಕೆಳಗೆ ಓದುಗರ ಪ್ರತಿಕ್ರಿಯೆಗಳು ಧೋ ಎಂದು ಸುರಿಯುತ್ತಿದ್ದವು. ಅವನ್ನು ನೋಡುವುದು ನನ್ನ ಸಾಮಾಜಿಕ ಹೊಣೆಯಲ್ಲವೇ?

ಹೊಣೆ ಹೊರಲು ನಾನು ಆರಿಸಿಕೊಂಡ ಸ್ಥಳ ಬಚ್ಚಲುಮನೆ (ನಮ್ಮಲ್ಲಿ ಕಕ್ಕಸೂ ಅದರೊಳಗೇ). ಚಿಲಕ ಹಾಕಿ, ಬಕೆಟ್ ಮಗುಚಿ, ಅದರ ಮೇಲೆ ಕೂತರೆ ಸಂಪಾದಕರ ಕುರ್ಚಿಯೂ ಅಷ್ಟು ಹಿತವಿರಲಾರದು. "ನಿಮ್ಮ ಮಾತು ನೂರಕ್ಕೆ ನೂರು ಸತ್ಯ ಮೇಡಂ, ಬೆಳಗಿನಿಂದ ಫೋನಿನಲ್ಲಿ ಒಂಬತ್ತು ಸಲ ಓದಿದೆ" ಎಂದು ಒಬ್ಬರು ಬರೆದಿದ್ದರು. ಮೊದಲ ದಿನ ಐದು ನಿಮಿಷ ಕೂತೆ. ಮೂರನೆಯ ದಿನ ಒಂದು ಗಂಟೆಯಲ್ಲಿ ನಾಲ್ಕು ಸಲ ಎದ್ದು ಹೋದೆ.

ಅತ್ತ ಹಜಾರದಲ್ಲಿ ನನ್ನ ಸಿದ್ಧಾಂತ ನಿಜಕ್ಕೂ ಕೆಲಸ ಮಾಡುತ್ತಿತ್ತು. ಮೊದಲ ದಿನ ಯಜಮಾನರು ಗೋಡೆ ನೋಡಿದರು. ಎರಡನೆಯ ದಿನ "ಫ್ಯಾನು ಎಡಕ್ಕೆ ವಾಲಿದೆ" ಎಂದರು. ಮೂರನೆಯ ದಿನ ಅತ್ತೆಯವರು ಇವರ ಬಾಲ್ಯದ ಯಾವುದೋ ಕಿತಾಪತಿ ತೆಗೆದರಂತೆ, ಇವರು "ಸುಮ್ನಿರಮ್ಮ" ಅಂದರಂತೆ. ಎಲ್ಲವೂ 'ಅಂತೆ'. ನಾನು ಬಕೆಟ್ ಮೇಲಿದ್ದೆ.

ಹೊರಗೆ ಬಂದಾಗ ಅತ್ತೆಯವರ ಕಣ್ಣು ನನ್ನ ಮೇಲೇ ಇತ್ತು. "ನಾಲ್ಕನೇ ಸಲ ಕಣೇ. ಹೊಟ್ಟೆ ಸರಿ ಇಲ್ವಾ?"

ಬೇರೆ ಏನು ಹೇಳಲಿ? "ಯಾಕೋ ಸ್ವಲ್ಪ..." ಎಂದೆ.

ಆ 'ಸ್ವಲ್ಪ' ನನ್ನನ್ನು ಹಾಳು ಮಾಡಿತು. ಮರುದಿನದಿಂದ ನನ್ನ ತಟ್ಟೆಗೆ ಉಪ್ಪು, ಖಾರ, ಎಣ್ಣೆ ಮೂರೂ ನಿಷಿದ್ಧ. ಬರೀ ಅನ್ನ, ಬೇಯಿಸಿದ ಸೋರೆಕಾಯಿ. ಮಗಳು ಅಂಗಡಿಯಿಂದ ಭೇದಿ ನಿಲ್ಲುವ ಮಾತ್ರೆ ತಂದು, ಎದುರಿಗೇ ನಿಂತು ನುಂಗಿಸಿದಳು. ಮಾತ್ರೆ ಪ್ರಾಮಾಣಿಕವಾಗಿತ್ತು, ತನ್ನ ಕರ್ತವ್ಯ ಮಾಡಿತು. ಇಲ್ಲದ ಭೇದಿಯನ್ನು ನಿಲ್ಲಿಸಿ ಮೂರು ದಿನದಲ್ಲಿ ನನ್ನನ್ನು ಬಂಡೆಗಲ್ಲು ಮಾಡಿತು. ಈಗ ನಾನು ನಿಜವಾದ ಕಾರಣಕ್ಕೂ ಬಚ್ಚಲುಮನೆಯಲ್ಲಿ ಹೆಚ್ಚು ಹೊತ್ತು ಕೂರಬೇಕಾಯಿತು. ಅದನ್ನು ಕಂಡು ಮಗಳು ಮಾತ್ರೆಯನ್ನು ಎರಡಕ್ಕೇರಿಸಿದಳು.

ಒಂಬತ್ತನೆಯ ದಿನ. ಆರೂಕಾಲು. ನಾನು ಎಂದಿನಂತೆ ಚಿಲಕದೊಳಗೆ. ಯಾವನೋ ಒಬ್ಬ ಬರೆದಿದ್ದ: "ಈಕೆಗೆ ಮನೆಯಲ್ಲಿ ಮಾಡಲು ಕೆಲಸವಿಲ್ಲವೆಂದು ಕಾಣುತ್ತದೆ." ನನಗೆ ಮೈಯೆಲ್ಲ ಉರಿದುಹೋಯಿತು. ಉತ್ತರ ಕುಟ್ಟತೊಡಗಿದೆ: "ಅಯ್ಯಾ, ಮನೆಯವರ ಮಾತಿಗೆ ಕಿವಿಗೊಡುವುದೇ ನನ್ನ ಕೆಲಸ..."

ಹೊರಗೆ ಬಾಗಿಲಿನ ಹತ್ತಿರ ಯಜಮಾನರ ದನಿ. "ಲೇ, ಹುಷಾರಾಗಿದ್ದೀಯಾ?"

"ಹೂಂ," ಎಂದೆ.

ಅವರು ಹೋಗಲಿಲ್ಲ. ಮಾತಾಡತೊಡಗಿದರು. ಆಮೇಲೆ ಮಗಳು ಹೇಳಿದ್ದನ್ನು ಸೇರಿಸಿಕೊಂಡು ಬರೆಯುತ್ತಿದ್ದೇನೆ, ಯಾಕೆಂದರೆ ಆ ಮಾತು ನನ್ನ ಕಿವಿಯ ಮೇಲೆ ಬಿತ್ತೇ ಹೊರತು ಒಳಗಿಳಿಯಲಿಲ್ಲ.

"ನೀನೂ ಕಾಯಿಲೆ ಬಿದ್ರೆ ನನಗೆ ಯಾರಿದ್ದಾರೆ ಹೇಳು. ಹೇಳ್ಬೇಕು ಅಂತ ಎಂಟು ತಿಂಗಳಿಂದ ಅಂದ್ಕೊಂಡೆ, ಆಗ್ಲಿಲ್ಲ. ಈಗ ಬಾಗಿಲು ಮುಚ್ಚಿದೆಯಲ್ಲ, ಅದಕ್ಕೇ ಧೈರ್ಯ ಬಂತು. ಮೂವತ್ತೊಂದು ವರ್ಷ ಬಾಗಿಲು ತೆಗೆದ್ರೆ ಸಾಕು, ಯಾರಾದ್ರೂ ಒಳಗೆ ಬರ್ತಿದ್ರು. ಈಗ ಆ ಫೋನಲ್ಲಿ ಬೆರಳಿಂದ ಮೇಲೆ ತಳ್ತೀನಿ, ಮೇಲೆ, ಮೇಲೆ... ದಿನವೆಲ್ಲಾ ತಳ್ತೀನಿ. ಯಾವ ಮಹಡೀನೂ ಬರಲ್ಲ ಕಣೇ. ಒಳಗೆ ಖಾಲಿ ಲಿಫ್ಟ್ ಓಡ್ತಿರೋ ಹಾಗೆ ಆಗುತ್ತೆ. ಕೇಳಿಸ್ತಿದೆಯಾ?"

"ಹೂಂ ಹೂಂ," ಎಂದೆ ನಾನು. ಉತ್ತರ ಕುಟ್ಟುವ ಆವೇಶದಲ್ಲಿ ಬೆರಳು ಜಾರಿ ಪಕ್ಕದ ಜಾಹೀರಾತಿಗೆ ಬಡಿಯಿತು.

"ಬೊಕ್ಕತಲೆಯೇ? ಚಿಂತೆ ಬಿಡಿ! ಹದಿನೈದೇ ದಿನದಲ್ಲಿ ಸೊಂಪಾದ ಕೂದಲು!" ಎಂದು ಬಚ್ಚಲುಮನೆ ಗುಡುಗಿತು. ಗೋಡೆ ಗೋಡೆಗೂ ಪ್ರತಿಧ್ವನಿ. ಆರಿಸಲು ಹೋದರೆ ದನಿ ಇನ್ನೂ ಏರಿತು. ಒದ್ದಾಟದಲ್ಲಿ ಬಕೆಟ್ ಜಾರಿತು, ನಾನು ನೆಲಕ್ಕೆ ಬಿದ್ದೆ, ಫೋನು ಮಾತ್ರ ಮೇಲೆ ಎತ್ತಿ ಹಿಡಿದ ಕೈಯಲ್ಲಿ ಕ್ಷೇಮವಾಗಿ ಕೂದಲು ಬೆಳೆಸುತ್ತಲೇ ಇತ್ತು.

ಲಿಫ್ಟು ಎಂಟು ಮಹಡಿ ಇಳಿಯುವಷ್ಟು ಹೊತ್ತಾಯಿತು. ಆಮೇಲೆ ಬಾಗಿಲ ಮೇಲೆ ಎರಡು ಸಲ ತಟ್ಟಿದ ಸದ್ದು, ಅದರ ಹಿಂದೆಯೇ ಅವರ ಹಳೆಯ ಕಚೇರಿಯ ದನಿ:

"ಯಾವ ಮಹಡಿ, ಮೇಡಂ?"

ಮಗಳು ಕಿರುಚಿ ನಕ್ಕಳು. ಅತ್ತೆಯವರು "ಹೊಟ್ಟೆನೋವಿಗೆ ಕೂದಲೆಣ್ಣೆ ಯಾಕೆ ಹಚ್ತಿದ್ದಾಳೆ?" ಎಂದು ಕೇಳಿ, ವಿಷಯ ಹೊಳೆದು, ಕೆಮ್ಮು ಬರುವವರೆಗೆ ನಕ್ಕರು. ಚಿಲಕ ತೆಗೆದೆ. ಯಜಮಾನರು ಗೋಡೆಗೆ ಒರಗಿಕೊಂಡು ನಗುತ್ತಿದ್ದರು. ಎಂಟು ತಿಂಗಳ ನಗು ಒಟ್ಟಿಗೇ ಬಂದು ಕಣ್ಣಲ್ಲಿ ನೀರಾಗಿತ್ತು. ಅಷ್ಟೂ ನೀರು ನಗುವಿನದೇ ಎಂದು ನಾನು ಹೇಳಲಾರೆ.

"ಏನೋ ಹೇಳ್ತಿದ್ರಲ್ಲ ರೀ, ಇನ್ನೊಂದ್ಸಲ ಹೇಳಿ," ಎಂದೆ, ತಲೆ ತಗ್ಗಿಸಿ.

"ಆ ಲಿಫ್ಟ್ ಹೋಯ್ತು ಕಣೇ," ಎಂದರು. "ಮುಂದಿನದಕ್ಕೆ ಕಾಯಿ."

ಅಂದಿನಿಂದ ಗುಂಡಿ ಡಬ್ಬಿಯ ಅಧಿಕಾರ ಯಜಮಾನರದು. ನನ್ನ ಜೀವಂತ ಫೋನನ್ನು ಅವರೇ ಇಸಿದುಕೊಳ್ಳುತ್ತಾರೆ. ಒಳಜೇಬನ್ನು ಅತ್ತೆಯವರು ತಮ್ಮ ಕೈಯಾರೆ ಬಿಚ್ಚಿದರು ("ಹೊಲಿಗೆ ಮಾತ್ರ ಗಟ್ಟಿ ಹಾಕಿದ್ದಾಳೆ ಕಳ್ಳಿ" ಎಂದು ಮೆಚ್ಚುತ್ತಲೇ). ಸೋರೆಕಾಯಿ ನಾಲ್ಕು ದಿನ ಮುಂದುವರಿಯಿತು, ಔಷಧಿಯಾಗಿ ಅಲ್ಲ, ಶಿಕ್ಷೆಯಾಗಿ. ನಾನು ಸಂಜೆ ಆರಕ್ಕೆ ಹಜಾರದಲ್ಲಿ ಅವರ ಎದುರು ಕೂರುತ್ತೇನೆ. ಕೈ ತುರಿಸುತ್ತದೆ, ಕಾಲು ಕುಣಿಯುತ್ತದೆ, ವಾಲಿದ ಫ್ಯಾನು ನೋಡಿ ನೋಡಿ ನನ್ನ ತಲೆಯೂ ಎಡಕ್ಕೆ ವಾಲಿದೆ. ಬೇಸರವೆಂದರೇನೆಂದು ಈಗ ತಿಳಿಯುತ್ತಿದೆ. ಊರಿಗೆಲ್ಲ ಉಪದೇಶ ಮಾಡುವಾಗ ತಿಳಿದಿರಲಿಲ್ಲ. ಹನ್ನೊಂದು ಸಂಜೆ ಕಾದ ಮೇಲೆ ನಿನ್ನೆ ಅವರು ಆ ಮಾತನ್ನು ಮತ್ತೆ ತೆಗೆದರು. ನಾಲ್ಕನೆಯ ಮಹಡಿಯವರೆಗೆ ಬಂದು ನಿಲ್ಲಿಸಿದರು. ಮಿಕ್ಕದ್ದಕ್ಕೆ ಕಾಯುತ್ತಿದ್ದೇನೆ.

ಈಗ ನಿಮ್ಮ ವಿಚಾರಕ್ಕೆ ಬರೋಣ. ಇದನ್ನು ನೀವು ಎಲ್ಲಿ ಕೂತು ಓದುತ್ತಿದ್ದೀರೆಂದು ನನಗೆ ಗೊತ್ತಿಲ್ಲದೆ ಇಲ್ಲ. ಆ ಬಕೆಟ್ಟಿನ ಮೇಲೆ ನಾನೂ ಕೂತವಳೇ. ಓದುತ್ತಾ ಓದುತ್ತಾ ಒಂದೆರಡು ಸಲ "ಹೂಂ" ಎಂದಿದ್ದೀರಿ. ಯಾರಿಗೆ ಎಂದಿರಿ? ಅವರು ಏನು ಹೇಳುತ್ತಿದ್ದರು? ನೆನಪಿಲ್ಲ ತಾನೆ? ಹಾಗಿದ್ದರೆ ನನ್ನನ್ನು ಹೊಗಳಿ ಪ್ರತಿಕ್ರಿಯೆ ಬರೆಯುವ ಕೆಲಸಕ್ಕೆ ಹೋಗಬೇಡಿ. ಮೊದಲು ಎದ್ದು ಆ ಚಿಲಕ ತೆಗೆಯಿರಿ.