ಭಾವನ ಮೂಗಿಗೆ ಜಪಾನಿ ಮದ್ದು

ಇಬ್ಬರಿಗೆ ಮುನ್ನೂರು ರಿಯಾಲ್! ಕೊಟ್ಟವನು ನಾನೇ. ಹೊಟ್ಟೆಗಾಗಿ ಕೊಟ್ಟಿದ್ದರೆ ನನಗೆ ವಾರವಿಡೀ ನಿದ್ದೆ ಬರುತ್ತಿರಲಿಲ್ಲ. ಕೊಟ್ಟದ್ದು ಒಂದು ಮೂಗಿಗಾಗಿ. ಅಕ್ಕನ ಗಂಡನ ಮೂಗಿಗಾಗಿ!

ದೋಹಾದಲ್ಲಿ ನಮ್ಮ ಭಾವನ ಮೂಗಿನಂಥ ಮೂಗು ಇನ್ನೊಂದಿರಲಿಲ್ಲ ಎಂದರೆ ನೀವು ನಗುತ್ತೀರಿ. ನಗಿ. ಉಡುಪಿ ಕಡೆಯ ಈ ಮನುಷ್ಯ ವೆಸ್ಟ್ ಬೇಯ ಆಫೀಸೊಂದರಲ್ಲಿ ಅಕೌಂಟೆಂಟ್ ಎನ್ನುವುದು ನೆಪ ಮಾತ್ರ. ಶುಕ್ರವಾರ ಮೀನು ಮಾರ್ಕೆಟ್ಟಿನಲ್ಲಿ ಕಿವಿರು ಎತ್ತಿ ಒಮ್ಮೆ ಮೂಸಿದರೆ ಸಾಕು, ಮೀನು ಐಸಿನಲ್ಲಿ ಎಷ್ಟು ಕಾಲ ಸಂಸಾರ ಮಾಡಿದೆ, ಮಾರುವವನ ಮಾತಿನಲ್ಲಿ ಸುಳ್ಳೆಷ್ಟು, ಇಡೀ ಜಾತಕ ಹೊರಗೆ! ಅವರು ಮೂಸುತ್ತಿದ್ದರು, ನಾನು ಚೌಕಾಸಿ ಮಾಡುತ್ತಿದ್ದೆ. ನಮ್ಮ ಜೋಡಿಯನ್ನು ಕಂಡರೆ ಮೀನಿನವರು ಬೇರೆ ಕಡೆ ನೋಡುತ್ತಿದ್ದರು.

ಕಳೆದ ಚಳಿಗಾಲದ ಒಂದು ಜ್ವರ ಆ ಮೂಗನ್ನು ಬಂದ್ ಮಾಡಿತು. ವಾಸನೆ ಖಲಾಸ್! ಡಾಕ್ಟರು ಬರಬಹುದು ಎಂದರು, ಬರದೆಯೂ ಇರಬಹುದು ಎಂದರು. ಅಂದಿನಿಂದ ಭಾವ ಒಂದು ಕಡೆ ಕೂತವರಲ್ಲ. ಅತ್ತರು, ಅಗರಬತ್ತಿ, ನನ್ನ ಸಾಕ್ಸು, ಯಾವುದನ್ನೂ ಮೂಸದೆ ಬಿಡಲಿಲ್ಲ. ಹಳೆಯ ಗತ್ತಿನಲ್ಲೇ ಮಾರ್ಕೆಟ್ಟಿಗೆ ಹೋಗಿ ಒಂದು ಅಂಜಲ್ ಮೀನು ಆರಿಸಿ ತಂದರು. ಬಿಲ್ಡಿಂಗಿನ ಬೆಕ್ಕು ಅದರ ಹತ್ತಿರ ಬಂದು, ಮುಖ ತಿರುಗಿಸಿ, ಮೆಟ್ಟಿಲಿಳಿದು ಹೋಯಿತು!

ಆಮೇಲೆ ಯಾರೋ ಕಿವಿ ಊದಿದರು: ಅಲ್ ಹಿಲಾಲ್‌ನಲ್ಲಿ, ನಮ್ಮ ಬೀದಿಯ ತುದಿಯ ಸುಶಿ ಅಂಗಡಿಯಲ್ಲಿ ವಸಾಬಿ ಎಂಬ ಹಸಿರು ಚಟ್ನಿಯುಂಟು, ಮುಚ್ಚಿದ ಮೂಗನ್ನೂ ಒದ್ದು ತೆರೆಯುತ್ತದೆ ಎಂದು. ಇನ್ನು ಕೇಳಬೇಕೆ? ಯಲ್ಲಾ, ಹೊರಟೆವು!

ಒಂದೇ ಸಾಲು ಕುರ್ಚಿ, ಮರದ ಕೌಂಟರು. ಆಚೆ ಬದಿಯಲ್ಲಿ ಜಪಾನಿ ಅಜ್ಜ ಚೂರಿ ಒರೆಸುತ್ತಿದ್ದರು. ಅಲ್ಲಿ ಮೆನು ಇಲ್ಲ. ಅಜ್ಜ ಕೊಟ್ಟದ್ದನ್ನು ಕೊಟ್ಟ ಕೂಡಲೇ ತಿನ್ನಬೇಕು. ಭಾವ ಕೂತರು, ಎದ್ದರು, ಮೀನಿಟ್ಟ ಗಾಜಿನ ಪೆಟ್ಟಿಗೆಯೊಳಗೆ ಇಣುಕಿದರು.

"ಕಿವಿರು ತೋರಿಸಲಿಕ್ಕೆ ಹೇಳು ಮಾರಾಯ. ಕಿವಿರು ನೋಡದೆ ಮೀನು ತಿನ್ನುವುದು ಹೇಗೆ?"

"ಭಾವ, ಇದು ಮಾರ್ಕೆಟ್ ಅಲ್ಲ. ಕೂತ್ಕೊಳ್ಳಿ ಒಮ್ಮೆ!"

ಹೀಗೆಂದ ನಾನಾದರೂ ಸುಮ್ಮನಿದ್ದೆನೇ? "ಇಬ್ಬರಿದ್ದೇವೆ, ಕೊನೆಯ ರೇಟು ಹೇಳಿ" ಎಂದು ಅಜ್ಜನಿಗೆ ಇಂಗ್ಲಿಷಿನಲ್ಲಿ ಗಾಳ ಹಾಕಿದೆ. ಅಜ್ಜ ಸೊಂಟ ಬಗ್ಗಿಸಿ ನಮಸ್ಕರಿಸಿದರು. ರೇಟು ಬಗ್ಗಲಿಲ್ಲ.

ಅನ್ನದ ಪುಟ್ಟ ಉಂಡೆಯ ಮೇಲೆ ಹಸಿ ಮೀನು ಬಂತು. ಭಾವ ಬಾಯಿಗಿಟ್ಟವರೇ ನನ್ನ ಕಡೆ ಬಾಗಿದರು.

"ಅನ್ನ ಹುಳಿಯಾಗಿದೆ. ನಿನ್ನೆಯದ್ದು! ನನಗೆ ಮೂಗಿಲ್ಲ ಅಂತ ಇವರಿಗೂ ಗೊತ್ತುಂಟಾ?"

"ವಿನೆಗರ್ ಭಾವ. ಅದು ಅವರ ಪದ್ಧತಿ."

"ಪದ್ಧತಿ ಇರಲಿ. ಆ ಮದ್ದು ಕೇಳು."

ಅಜ್ಜ ತಟ್ಟೆಯ ಅಂಚಿಗೆ ಒಂದಿಷ್ಟು ವಸಾಬಿ ಹಚ್ಚಿದರು. ನಾನು ತಡೆಯುವುದರೊಳಗೆ ಅಷ್ಟೂ ಭಾವನ ಬಾಯಿ ಸೇರಿತು! ಮುಖ ಕೆಂಪು, ಕಣ್ಣಲ್ಲಿ ಧಾರಾಕಾರ ನೀರು, ಕೌಂಟರಿಗೆ ರಪರಪ ಹೊಡೆತ.

"ಬಂತು! ಮೂಗಿಗೆ ಹೊಡೀತು! ಬಂತು ಮಾರಾಯ!"

ಗಾಬರಿಯಾದ ಅಜ್ಜ ನೀರು ಕೊಟ್ಟರು. ಬಳಿಕ ಇನ್ನೊಂದು ಉಂಡೆ ಇಟ್ಟರು. ಅದರ ಮೇಲಿದ್ದದ್ದು ನಮ್ಮ ಬಂಗುಡೆಯ ಜಪಾನಿ ದಾಯಾದಿ. ಭಾವ ಅದನ್ನೆತ್ತಿ ಮೂಗಿಗೆ ಹಿಡಿದರು. ಇನ್ನೊಮ್ಮೆ ಹಿಡಿದರು. ಕೈ ಮೆಲ್ಲಗೆ ಕೆಳಗಿಳಿಯಿತು. ಬಂದದ್ದು ಉರಿ ಮಾತ್ರ. ವಾಸನೆ ಬಂದಿರಲಿಲ್ಲ.

ಒಳಗೆ ಬಂದ ಮೇಲೆ ಮೊದಲ ಸಲ ಅವರು ಅಲುಗಾಡದೆ ಕೂತರು. ಆಮೇಲೆ ತಟ್ಟೆಯನ್ನು ನನ್ನ ಕಡೆ ಸರಿಸಿದರು.

"ನೀನು ಮೂಸಿ ಹೇಳು."

"ನನಗೆಂತ ಗೊತ್ತು ಭಾವ? ನನಗೆ ಗೊತ್ತಿರುವುದು ರೇಟು ಮಾತ್ರ."

"ಗೊತ್ತಾದಷ್ಟು ಹೇಳು."

ಮೂಸಿದೆ. "ಮೊದಲು ಹುಳಿ. ಅದರ ಹಿಂದೆ ಉಪ್ಪು. ಮತ್ತೆ… ದೋಣಿಯ ಹಗ್ಗ ಒದ್ದೆಯಾದಾಗ ಬರ್ತದಲ್ಲ, ಅದು."

ಭಾವ ಕಣ್ಣು ಮುಚ್ಚಿದ್ದರು. "ಹಾಳಾದ ವಾಸನೆ ಇಲ್ವಲ್ಲ?"

"ಇಲ್ಲ."

"ಹಾಗಾದರೆ ಒಳ್ಳೆ ಮೀನು" ಎಂದು ತಿಂದರು.

ಸುಶಿಗೆ ಹೋಗುವವರಿಗೆ ನನ್ನದೊಂದು ಮಾತು. ಚೌಕಾಸಿಗೆ ಬಾಯಿ ತೆರೆಯಬೇಡಿ, ವಸಾಬಿಯನ್ನು ಚಟ್ನಿಯೆಂದು ತಿಳಿಯಬೇಡಿ. ಜೊತೆಯಲ್ಲಿ ಮೂಗು ಕಳೆದುಕೊಂಡವರಿದ್ದರೆ 'ಎಲ್ಲ ಸರಿಹೋಗುತ್ತದೆ' ಎನ್ನಬೇಡಿ. ಅದು ಬಿಟ್ಟಿ ಸಿಗುವ ಮಾತು. ತಟ್ಟೆ ಬಂದ ಕೂಡಲೇ ನೀವು ಮೊದಲು ಮೂಸಿ, ಏನು ಬಂತೋ ಅದನ್ನು ಹೇಳಿ. ನಿಧಾನವಾಗಿ ಹೇಳಿ. ಅವರು ಕಣ್ಣು ತೆರೆಯುವವರೆಗೂ ನಿಲ್ಲಿಸಬೇಡಿ.