ಮೂರು ಕೊಟೇಶನ್ನಿನ ಮಾವ

ನಾನು ಓದು ನಿಲ್ಲಿಸಿದ್ದು ೧೯೯೬ರಲ್ಲಿ, ಎಂಟನೇ ತರಗತಿಯ ನಡುವೆ. ನನ್ನ ಸೋದರಮಾವ ಆಗಲೇ ಸರಕಾರದ ಖರೀದಿ ಶಾಖೆಯಲ್ಲಿ ಕುರ್ಚಿ ಹಿಡಿದು ಕುಳಿತಿದ್ದ. ನಾನು ಸಿಂಧನೂರಿಗೆ ಬಂದು ಕಬ್ಬಿಣ ಬಗ್ಗಿಸುವುದನ್ನು ಕಲಿತೆ. ಅವನು ಬಗ್ಗದೇ ಇರುವುದನ್ನು ಕಲಿತ. ಇಬ್ಬರೂ ನಮ್ಮ ನಮ್ಮ ಕಸುಬಿನಲ್ಲಿ ಗಟ್ಟಿಗರೇ. ಆದರೆ ಮೂರು ಕಡೆಯ ದರಪಟ್ಟಿ, ಅಂದರೆ ಮೂರು ಕೊಟೇಶನ್, ಕೈಗೆ ಬರುವ ತನಕ ಸೀನನ್ನೂ ತಡೆದುಕೊಳ್ಳುವ ಮನುಷ್ಯ ಈ ಭೂಮಿಯ ಮೇಲೆ ಯಾರಾದರೂ ಇದ್ದರೆ, ಅದು ಮಸ್ಕಿಯ ನನ್ನ ಮಾವನೇ!

ನಿವೃತ್ತಿಯಾದ ಮೇಲೆ ಸುಮ್ಮನೆ ಕೂಡುತ್ತಾನೆ ಅಂದುಕೊಂಡಿದ್ದೆವು. ಎಲ್ಲಿಯ ಸುಮ್ಮನೆ! ಬಡ ದೇಶಗಳಿಗೆ ಸರಕಾರಿ ಖರೀದಿ ಕಲಿಸುವ ಒಂದು ಪರದೇಶದ ಸಂಸ್ಥೆ ಇವನನ್ನು ಹುಡುಕಿಕೊಂಡು ಬಂತು. ಆಸ್ಪತ್ರೆಗೆ ಔಷಧ, ಶಾಲೆಗೆ ಬೆಂಚು, ಊರಿಗೆ ರಸ್ತೆ ಇವನ್ನೆಲ್ಲ ಸರಕಾರ ನ್ಯಾಯವಾಗಿ ಕೊಳ್ಳುವುದು ಹೇಗೆ ಅಂತ ಅಲ್ಲಿಯ ಅಧಿಕಾರಿಗಳಿಗೆ ಹೇಳಿಕೊಡಬೇಕು. ಮಾವ ಸೂಟು ಹೊಲಿಸಿಕೊಂಡು ದೇಶ ದೇಶ ತಿರುಗಿದ. ಅಲ್ಲಿಯವರ ಸಾಮರ್ಥ್ಯ ಎಷ್ಟು ಬೆಳೆಯಿತೋ ನನಗೆ ಗೊತ್ತಿಲ್ಲ. ನಮ್ಮ ಅತ್ತೆಯ ತಾಳಿಕೊಳ್ಳುವ ಸಾಮರ್ಥ್ಯ ಮಾತ್ರ ಬಹಳ ಬೆಳೆಯಿತು.

ಯಾಕೆಂದರೆ, ಪರದೇಶದಿಂದ ಬಂದವನು ಮನೆಯಲ್ಲೂ ಅದನ್ನೇ ಶುರು ಮಾಡಿದ. ಒಂದು ದಿನ ಅತ್ತೆ ಕೊತ್ತಂಬರಿ ತರಲು ಸಂತೆಗೆ ಕಳಿಸಿದಳು. ಮಾವ ಮೂವರು ಮಾರುವವರ ಹತ್ತಿರ ಹೋಗಿ, ಒಬ್ಬರ ದರ ಇನ್ನೊಬ್ಬರಿಗೆ ಕೇಳಿಸಬಾರದೆಂದು ಕಿವಿಯಲ್ಲಿ ಹೇಳಿಸಿಕೊಂಡ. ಮೂರನೆಯ ಮುದುಕಿ ಸಿಟ್ಟಿಗೆದ್ದಳು.

“ಯಪ್ಪಾ, ನೀ ಕೊತ್ತಂಬರಿ ತಗೊಳಾಕ ಬಂದೀಯೋ, ಕನ್ಯಾ ನೋಡಾಕ ಬಂದೀಯೋ?”

ಗೆದ್ದ ಕಟ್ಟನ್ನು ಹಿಡಿದು ಮನೆಗೆ ಬಂದರೆ ಅತ್ತೆ ಪಾತ್ರೆ ತೊಳೆಯುತ್ತಿದ್ದಳು. “ನಾವು ಉಂಡು ಕೈ ತೊಳಕೊಂಡೀವ್ರಿ. ನಾಳಿನ ಸಾರಿಗೆ ಈಗs ಟೆಂಡರ್ ಕರೀರಿ.”

ಒಮ್ಮೆ ಅವನ ಹತ್ತಿರ ಕಲಿತ ಪರದೇಶದ ಇಬ್ಬರು ಅಧಿಕಾರಿಗಳು ನಮ್ಮ ಸೀಮೆ ನೋಡಲು ಬಂದರು. ಮಾವ ಮಸ್ಕಿಯಲ್ಲಿ ಅಶೋಕನ ಶಾಸನದ ಬಂಡೆ ತೋರಿಸಿದ. ಈ ಕೆತ್ತನೆಯ ಕೆಲಸ ಯಾರಿಗೆ ಸಿಕ್ಕಿರಬಹುದು ಅಂತ ಅವರು ಕೇಳಿದರು. ಮಾವ ಜೊತೆಗಿದ್ದ ನನ್ನ ಕಡೆ ತಿರುಗಿ, “ಎಲ್ಲಾರಕಿಂತ ಕಡಿಮಿ ಹೇಳಿದಂವಗಂತೂ ಸಿಕ್ಕಿಲ್ಲ ನೋಡ್. ಅದಕ್ಕs ಇನ್ನೂ ಉಳದೈತಿ!” ಅಂದ.

ಆಮೇಲೆ ಸಿಂಧನೂರಿಗೆ ಕರೆತಂದ. ಒಂದು ಅಂಗಡಿಯಲ್ಲಿ ಪಾಠ ತೋರಿಸಲೆಂದು ಕೊಟೇಶನ್ ಕೇಳಿದರೆ ಅಂಗಡಿಯವನು, “ಒಂದs ಬೇಕೋ, ಮೂರೂ ನಾನs ಕೊಡ್ಲೋ?” ಅಂದುಬಿಟ್ಟ! ತನ್ನದೊಂದು, ಅದರ ಮೇಲೆ ಬೇರೆ ಅಂಗಡಿಗಳ ಹೆಸರಿನಲ್ಲಿ ಹೆಚ್ಚಿನ ದರ ಹಾಕಿದ ಎರಡು. ನಮ್ಮ ಕಡೆ ಇದು ಗಿರಾಕಿಗೆ ಮಾಡುವ ಉಪಕಾರ. ಮಾವನ ಮುಖ ಸುಟ್ಟ ಬದನೆಕಾಯಿಯಾಯಿತು. ಅವನು ಅದನ್ನು ಇಂಗ್ಲಿಷಿನಲ್ಲಿ ತಿಳಿಸಿದಾಗ ಅತಿಥಿಗಳು ಎದ್ದು ಅಂಗಡಿಯವನನ್ನು ತಬ್ಬಿಕೊಂಡರು. ಅವರ ದೇಶದಲ್ಲೂ ಥೇಟ್ ಹಾಗೇ ಅಂತೆ!

ಇಷ್ಟು ದಿನ ನಕ್ಕವನು ನಾನು. ನಂತರ ನನ್ನ ಸರದಿ ಬಂತು.

ಮಸ್ಕಿಯಲ್ಲಿ ನಾನು ಹುಟ್ಟಿದ ಓಣಿಯಲ್ಲಿ, ಬುದ್ಧವಿಹಾರದ ಪಕ್ಕದಲ್ಲಿ, ಓಣಿಯವರು ಸೇರಿ ಒಂದು ವಾಚನಾಲಯ ಕಟ್ಟಿಸಿದರು. ಕಮಿಟಿಗೆ ಮಾವ ಅಧ್ಯಕ್ಷ. ಗೇಟು, ಕಿಟಕಿಗಳ ಕೆಲಸ ಬಾಕಿ ಇತ್ತು. ಸಿಂಧನೂರಿನಲ್ಲಿ ಎಷ್ಟೋ ಮನೆಗಳಿಗೆ ನನ್ನ ಗೇಟುಗಳಿವೆ, ಹುಟ್ಟಿದ ಓಣಿಯಲ್ಲಿ ಒಂದೂ ಇರಲಿಲ್ಲ. ಓದು ಬಿಟ್ಟವನು ಓದುವ ಮನೆಗೆ ಬಾಗಿಲಾದರೂ ಮಾಡಬೇಡವೇ? ಆ ಕೆಲಸ ನನಗೆ ಬೇಕೇ ಬೇಕಿತ್ತು.

ಕಮಿಟಿಯ ಕಾರ್ಯದರ್ಶಿ ಫೋನಿನಲ್ಲಿ, “ನಿಮ್ಮದೊಂದು ಕೊಟೇಶನ್ ತರ್ರಿ, ಅದರ ಜೋಡಿ ಇನ್ನೆರಡು ತಂದುಬಿಡ್ರಿ” ಅಂದ. ನಾನೂ ಹಾಗೇ ತಂದುಕೊಟ್ಟೆ. ಸಿಂಧನೂರಿನ ಒಬ್ಬ ಗೆಳೆಯನದು, ಲಿಂಗಸುಗೂರಿನ ಒಬ್ಬ ಗೆಳೆಯನದು.

ಎಲ್ಲರೆದುರು ಮಾವ ಲಕೋಟೆ ಒಡೆಯಲು ಕೂತ. ಲಿಂಗಸುಗೂರಿನದನ್ನು ಕೈಗೆತ್ತಿಕೊಂಡು, ಅಂಟನ್ನು ಉಗುರಿನಿಂದ ಕೆರೆದು ಬೆಳಕಿಗೆ ಹಿಡಿದ.

“ಲೇ ಅಳಿಯಾ, ಇದು ನಿಮ್ಮ ಸಿಂಧನೂರಿನ ಸೋನಾಮಸೂರಿ ಅನ್ನದ ಅಗಳು. ಮೂರೂ ಲಕೋಟೆಗೂ ಇದs ಅನ್ನ ಐತಿ. ಜ್ವಾಳದ ಸೀಮಿ ಲಿಂಗಸುಗೂರಿನಂವ ರೊಟ್ಟಿ ಹಚ್ಚಿ ಅಂಟಿಸಿದ್ರ ನಂಬತಿದ್ನೋ ಏನೋ!”

“ಗೋಂದು ತೀರಿತ್ತು ಮಾವಾ” ಅಂದೆ. ಇಡೀ ಓಣಿ ಬಿದ್ದು ಬಿದ್ದು ನಕ್ಕಿತು.

ಮಾವ ನಗಲಿಲ್ಲ. ಮೂರನ್ನೂ ರದ್ದು ಮಾಡಿದ. “ನೀ ಒಂದs ಹಾಕಿದ್ರೂ ತಗೋತಿರಲಿಲ್ಲ. ನಾ ಈ ಕುರ್ಚ್ಯಾಗ ಇರೋತನ ನನ್ನ ಅಕ್ಕನ ಮಗಗ ಈ ಕೆಲಸ ಸಿಗಂಗಿಲ್ಲ.”

ನಾನು ಮಾತು ಬಿಟ್ಟೆ. ಅತ್ತೆ ಫೋನು ಮಾಡಿದರೆ ಎತ್ತುತ್ತಿದ್ದೆ; ಹಿಂದೆ ಮಾವನ ಕೆಮ್ಮು ಕೇಳಿಸಿದರೆ ಸಾಕು, ಕಬ್ಬಿಣ ಉಜ್ಜುವ ಗ್ರೈಂಡರ್ ಚಾಲೂ ಮಾಡುತ್ತಿದ್ದೆ.

ಆಮೇಲೊಂದು ದಿನ ಅದೇ ಕಾರ್ಯದರ್ಶಿ ನನ್ನ ಶಾಪಿಗೆ ಬಂದ. “ಹೊಸದಾಗಿ ಟೆಂಡರ್ ಕರದೀವ್ರಿ. ಈ ಸಲ ನೀವೂ ಹಾಕ್ರಿ. ಒಂದs ಲಕೋಟೆ, ಮತ್ತ!”

“ಮಾವ ಒಪ್ಯಾನೇನು?”

“ಅವರು ಈಗ ಅಧ್ಯಕ್ಷರಲ್ರಿ. ಕಮಿಟಿನೂ ಬಿಟ್ಟಾರ. ‘ನಾ ಒಳಗ ಇದ್ರ ನನ್ನ ಅಳಿಯ ಹೊರಗ ನಿಲ್ಲಬೇಕಾಗತೈತಿ. ಕಬ್ಬಿಣದ ಕೆಲಸ ಬಲ್ಲಂವ ಅಂವ, ನಾ ಅಲ್ಲ’ ಅಂದ್ರು.”

ಗ್ರೈಂಡರ್ ಕೈಯಲ್ಲೇ ಉಳಿಯಿತು. ಮೊಣಕಾಲು ಸೋತ ಮೇಲೆ ಪರದೇಶದವರು ಮಾವನನ್ನು ಕರೆಯುವುದು ಬಿಟ್ಟಿದ್ದರು. ಅವನಿಗೆ ಉಳಿದಿದ್ದ ಕುರ್ಚಿ ಅದೊಂದೇ.

ಬಳಗಾನೂರಿನವರೂ ಲಿಂಗಸುಗೂರಿನವರೂ ಈ ಸಲ ನಿಜವಾಗಿಯೇ ಹಾಕಿದರು. ಲಕೋಟೆ ಒಡೆಯುವಾಗ ಮಾವ ಒಳಗೆ ಬರಲಿಲ್ಲ; ರಸ್ತೆಯ ಆಚೆ ಬೆನ್ನು ತಿರುಗಿಸಿ ನಿಂತಿದ್ದ. ಕೆಲಸ ನನಗೆ ಬಂತು.

ಗೇಟು ಕೂರಿಸಿದ ದಿನ ಅವನೇ ಬಂದ. ಒಂದು ಬೆರಳಿನಿಂದ ನೂಕಿದ. ಗೇಟು ಸಪ್ಪಳವಿಲ್ಲದೆ ತೆರೆಯಿತು. ಸರಳುಗಳ ಬೆಸುಗೆಯನ್ನು ಒಂದೊಂದಾಗಿ ಬೆರಳಿನಿಂದ ಸವರಿ ನೋಡಿದ.

“ನ್ಯಾಯದ್ಲೆ ಟೆಂಡರ್ ಕರದ್ರ ಕೆಲಸ ಬಲ್ಲಂವಗs ಸಿಗತೈತಿ ಅಂತ ಹೋದಲ್ಲೆಲ್ಲಾ ಹೇಳಿ ಬಂದೆ ಅಳಿಯಾ. ಕಣ್ಣಾರೆ ನೋಡಿದ್ದು ಇವತ್ತs” ಅಂದ. ಅವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ.

ಈಗ ನನಗಿರುವುದು ಇಷ್ಟು: ಸಿಂಧನೂರಿನಲ್ಲಿ ಒಂದು ವೆಲ್ಡಿಂಗ್ ಶಾಪು, ಇಬ್ಬರು ಕೆಲಸದವರು, ಒಬ್ಬ ಹೆಂಡತಿ, ಇಬ್ಬರು ಮಕ್ಕಳು, ಹುಟ್ಟಿದ ಓಣಿಯಲ್ಲಿ ನನ್ನ ಕೈಯ ಒಂದು ಗೇಟು, ಒಬ್ಬ ಮಾವ.