ಪಾತಾಳದ ಸಾವ್ಕಾರನ ಹೆಂಡತಿ ತವರಿಗೆ ಹೋದದ್ದು

ಮಕ್ಕಳಿಗೆ ಕಥೆ ಹೇಳುವವನು ಹೆದರಬೇಕಾದದ್ದು ಎದುರಿಗೆ ಕೂತ ಮಕ್ಕಳಿಗಲ್ಲ, ಒಳಗೆ ರೊಟ್ಟಿ ಬಡಿಯುತ್ತ ಕಿವಿಯನ್ನಷ್ಟೇ ಪಡಸಾಲೆಗೆ ಕಳಿಸಿದವರಿಗೆ. ಕಥೆ ಕೇಳಿ ಮಕ್ಕಳು ಮಲಗುತ್ತಾರೆ, ಒಳಗಿನವರು ಎಚ್ಚರಾಗುತ್ತಾರೆ. ಈ ಸತ್ಯ ನನಗೆ ತಡವಾಗಿ ತಿಳಿಯಿತು, ಅದೂ ಗ್ರೀಕರ ದೇವರುಗಳ ದೆಸೆಯಿಂದ.

ನಮ್ಮ ಸೀಮೆ ಇನ್ನೂ ಮುಂಬಯಿ ಸರಕಾರದಲ್ಲಿದ್ದ ಕಾಲ ಅದು. ನಾನು ರೋಣದಲ್ಲಿ ಇಂಗ್ಲಿಷ್ ಮಾಸ್ತರ. ನಮ್ಮ ಪುರಾಣಗಳೆಲ್ಲ ನಮ್ಮವ್ವನ ವತನವಾಗಿದ್ದವು. ನಾನು ಬಾಯಿ ತೆರೆದರೆ ಸಾಕು, "ಹಂಗಲ್ಲೋ ತಮ್ಮಾ, ಮದ್ಲ ಶಾಪ, ಆಮ್ಯಾಲೆ ವರ" ಎಂದು ಮಕ್ಕಳೆದುರಿಗೇ ನನ್ನನ್ನು ತಿದ್ದುತ್ತಿದ್ದಳು. ಕಥೆ ಹೇಳುವ ಚಟ, ಬೈಸಿಕೊಳ್ಳುವ ಭಯ ಎರಡೂ ಇದ್ದ ನಾನು ಧಾರವಾಡದ ಹಳೆ ಪುಸ್ತಕದಂಗಡಿಯಿಂದ ಗ್ರೀಕ್ ಪುರಾಣದ ಒಂದು ಇಂಗ್ಲಿಷ್ ಪುಸ್ತಕ ತಂದೆ. ತಪ್ಪು ಹಿಡಿಯಲು ರೋಣದಲ್ಲಿ ಒಬ್ಬ ಗ್ರೀಕನೂ ಇರಲಿಲ್ಲ. ಸಿಡಿಲು ಎಸೆಯುವ ದೊಡ್ಡ ದೇವರನ್ನು ಗೌಡನನ್ನಾಗಿ ಮಾಡಿದೆ. ಊಟ ತಡವಾದಾಗಲೆಲ್ಲ ಅವನು ಗುಡುಗುತ್ತಿದ್ದ. ಹೊಳೆಯನ್ನೇ ತಿರುವಿ ದನದ ಕೊಟ್ಟಿಗೆ ತೊಳೆದ ಪೈಲ್ವಾನನನ್ನು ನಮ್ಮ ಪಕ್ಕದ ಬೆಳವಣಕಿಯವನೆಂದೆ. "ಕುಡಿಯಾಕ ನೀರಿಲ್ಲ, ಕೊಟಗಿ ತೊಳಿಯಾಕ ಹೊಳಿ ಎಲ್ಲಿಂದ ತಂದಾ?" ಎಂದು ಮಗಳು ಶಾಂತಾ ಕೇಳಿದಾಗ ಮಾತ್ರ ಸ್ವಲ್ಪ ಕೆಮ್ಮಿದೆ.

ಶ್ರಾವಣ ಬಂತು. ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕು, ಕರೆಯಲು ಅಣ್ಣನೋ ತಮ್ಮನೋ ಬರಬೇಕು. ನನ್ನ ಹೆಂಡತಿ ನೀಲವ್ವನ ತವರು ಗಜೇಂದ್ರಗಡ. ಅವಳ ಅಣ್ಣ ಶಿವಪ್ಪ ಚಕ್ಕಡಿ ತರುವುದಾಗಿ ಹೇಳಿಕಳಿಸಿದ್ದ. ನಾನು "ನೋಡೂಣು" ಎಂದಿದ್ದೆ. ಗಂಡಂದಿರ ಬಾಯಲ್ಲಿ ಇದರ ಅರ್ಥ "ಇಲ್ಲ" ಎಂದು ಎಲ್ಲ ಹೆಂಡಂದಿರಿಗೂ ಗೊತ್ತು. ಅವಳು ಹೋದರೆ ರೊಟ್ಟಿ ಯಾರು ಮಾಡಬೇಕು? ಅವ್ವನಿಗೆ ಮೊಣಕಾಲು ನೋವು. ನನಗೆ ಒಲೆ ಹೊತ್ತಿಸಲೂ ಬಾರದು.

ಅಂದು ಸಂಜೆ, ಹಿಂದುಮುಂದು ನೋಡದೆ, ಪಾತಾಳದ ಸಾವ್ಕಾರನ ಕಥೆ ಹಿಡಿದೆ. ಗ್ರೀಕರ ಯಮನಾದ ಅವನು ಬೆಳೆದೇವಿಯ ಮಗಳನ್ನು ರಥದಲ್ಲಿ ಹಾರಿಸಿಕೊಂಡು ಹೋದ. ಹುಡುಗಿಯ ಹೆಸರು ಪರ್ಸಿಫೋನಿ; ಮಕ್ಕಳ ಅನುಕೂಲಕ್ಕೆ ಪಾರವ್ವ ಎಂದೆ. ತಾಯಿ ಸಿಟ್ಟಿಗೆದ್ದು ಭೂಮಿಯ ಮೇಲೆ ಒಂದು ಜೋಳದ ತೆನೆಯೂ ಕಾಳುಗಟ್ಟದಂತೆ ಮಾಡಿದಳು. ನಮ್ಮೂರ ಹತ್ತಿರದ ಅಸೂಟಿಯ ಎರೆಹೊಲವೂ ಬರಿದಾಯಿತು. ಸಿಡಿಲಿನ ಗೌಡ ಹೆದರಿ, ಹುಡುಗಿಯನ್ನು ಕರೆತರಲು ಆಳು ಕಳಿಸಿದ. ಆದರೆ ಪಾತಾಳದಲ್ಲಿ ಏನಾದರೂ ತಿಂದವರು ಪಾತಾಳಕ್ಕೆ ಸೇರಿದವರು ಎಂಬುದು ಕಾಯಿದೆ; ಪಾರವ್ವ ದಾಳಿಂಬೆಯ ಕಾಳು ತಿಂದುಬಿಟ್ಟಿದ್ದಳು. ಪಂಚರು ಕೂತು ತೀರ್ಮಾನಿಸಿದರು: ಅರ್ಧ ವರ್ಷ ಗಂಡನ ಮನೆ, ಅರ್ಧ ವರ್ಷ ತವರುಮನೆ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಅರ್ಧಾ ವರ್ಷ ಅಂದ್ರೇನ್ರಿ?" ನೀಲವ್ವ ಬಾಗಿಲಿಗೆ ಬಂದಳು. ಅಂಗೈಗೆಲ್ಲ ಹಿಟ್ಟು. "ಆಂವ ಯಮಾ. ಹೆಂಡ್ತಿನ ಆರ್ ತಿಂಗಳ ಕಳಸ್ತಾನ. ನಾ ನಾಕ ದಿನಾ ಕೇಳೀನಿ."

"ಅದು ಕಥೀನ..." ಎಂದೆ.

"ಅಪ್ಪಾ, ಆ ಯಮಾನ ನಿನಗಿಂತ ಚಲೋ ಅದಾನ ನೋಡು!" ಎಂದಳು ಶಾಂತಾ.

ನಾನು ಆಸೆಗಣ್ಣಿನಿಂದ ಅವ್ವನ ಕಡೆ ನೋಡಿದೆ. ಅತ್ತೆಯಾದವಳು ಸೊಸೆಯ ಪರ ನಿಂತದ್ದು ಯಾವ ಪುರಾಣದಲ್ಲೂ ಇಲ್ಲವಲ್ಲ! ಅವ್ವ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ಹೇಳಿದಳು: "ಕಳಸಾಕಬೇಕೋ ತಮ್ಮಾ. ನಿಮ್ಮಪ್ಪನೂ ಹಿಂಗ ನೋಡೂಣು ನೋಡೂಣು ಅನಕೋತನ ಜಲ್ಮಾ ಕಳದಾ. ನನಗೂ ತವರೈತಿ. ನರಗುಂದದಾಗ ನನ್ನ ತಮ್ಮ ಇನ್ನೂ ಗಟ್ಟಿ ಅದಾನ. ನಾನೂ ಹೊಂಟೆ."

"ಮೊಣಕಾಲು?"

"ತವರಿಗಂದ್ರ ಅವೂ ನಡೀತಾವ."

ಹೀಗೆ ಒಂದೇ ದಿನ ಹೆಂಡತಿ ಮಕ್ಕಳು ಚಕ್ಕಡಿಯಲ್ಲಿ ಗಜೇಂದ್ರಗಡಕ್ಕೂ, ಅವ್ವ ಮೋಟಾರಿನಲ್ಲಿ ನರಗುಂದಕ್ಕೂ ಹೊರಟುಹೋದರು. ಪಾತಾಳದಲ್ಲಿ ನಾನೊಬ್ಬನೇ ಉಳಿದೆ. ನಾನು ಮಾಡಿದ ರೊಟ್ಟಿಯ ವಿಷಯ ಹೇಳದಿರುವುದೇ ಲೇಸು. ಬೀದಿಯ ನಾಯಿ ಅದನ್ನು ಮೂಸಿ, ನನ್ನ ಮುಖ ನೋಡಿ, ಮುಂದಿನ ಮನೆಗೆ ಹೋಯಿತು.

ನಾಲ್ಕು ದಿನ ಮುಗಿಯುತ್ತಲೇ ಮೋಟಾರು ಹತ್ತಿ ಗಜೇಂದ್ರಗಡಕ್ಕೆ ಹೊರಟೆ. ಅಂದೇ ಸಂಜೆ ಎಲ್ಲರೂ ಹೊರಡಬೇಕೆಂದು ಹೇಳುವುದನ್ನು ದಾರಿಯುದ್ದಕ್ಕೂ, ರಾಜೂರ ದಾಟುವ ತನಕ, ಗಂಟಲು ದಪ್ಪ ಮಾಡಿ ಮನಸ್ಸಿನಲ್ಲೇ ಅಭ್ಯಾಸ ಮಾಡಿದೆ. ಮಾವನ ಮನೆಯ ಹಿತ್ತಲಿಗೆ ಕಾಲಿಟ್ಟರೆ, ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯ ಮೇಲೆ ನೀಲವ್ವ ನಿಂತು ಜೀಕುತ್ತಿದ್ದಳು. ಎದುರಿಗೆ ಅವಳ ಬಾಲ್ಯದ ಗೆಳತಿ. ಇಬ್ಬರೂ ಏನೋ ನೆನೆಸಿಕೊಂಡು ನಗುತ್ತಿದ್ದರು. ಅಷ್ಟು ಜೋರಾಗಿ ಅವಳು ನಕ್ಕದ್ದನ್ನು ನಾನು ನಮ್ಮ ಮನೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಆ ಬೆಳೆದೇವಿ ಮಗಳಿಗಾಗಿ ಯಾಕೆ ಅಷ್ಟು ರಂಪ ಮಾಡಿದಳೆಂದು ಮಕ್ಕಳಿಗೆ ನಾನು ಹೇಳಿಯೇ ಇರಲಿಲ್ಲ, ಆ ತನಕ ನನಗೇ ಗೊತ್ತಿರಲಿಲ್ಲ.

ಅತ್ತೆ ಶೇಂಗಾದುಂಡಿ, ಎಳ್ಳುಂಡಿ, ತಂಬಿಟ್ಟು ತಂದು ಮುಂದಿಟ್ಟರು. ನಾಲ್ಕು ದಿನದ ಹಸಿವು. ಎರಡೂ ಕೈಯಿಂದ ತಿಂದೆ. ತಾಟು ಬರಿದಾಗುವ ಹೊತ್ತಿಗೆ ಶಾಂತಾ ಕಿರುಚಿದಳು: "ಅವ್ವಾ, ಅಪ್ಪ ಇಲ್ಲಿ ಉಂಡಿ ತಿಂದಾ! ಇನ್ನ ಆಂವ ಹೋಗೂ ಹಂಗಿಲ್ಲ! ಕಾಯದೇ ಐತಿ!"

ಅತ್ತೆಗೆ ಕಾಯಿದೆ ಮೊಮ್ಮಗಳಿಂದ ಆಗಲೇ ತಿಳಿದಿತ್ತು. "ಖರೇ ಐತ್ರಿ ಅಳಿಯಾರ, ಇರ್ರಿ ಎಂಟ ದಿನಾ" ಎಂದು ಇನ್ನೊಂದು ತಾಟು ತಂದರು. ಜೋಕಾಲಿ ನಿಂತಿತ್ತು. ನೀಲವ್ವ ಹಗ್ಗ ಹಿಡಿದುಕೊಂಡೇ ನನ್ನ ಮುಖವನ್ನು ನೋಡುತ್ತಿದ್ದಳು. "ನೋಡೂಣು" ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿ, "ಆತ್ರಿ, ಇರೂಣು" ಎಂದೆ.

ಹೆಡ್‌ಮಾಸ್ತರರಿಗೆ ರಜೆಯ ಅರ್ಜಿ ಬರೆಯಲು ಕೂತೆ. ಯಮನ ಕಾಯಿದೆ ಎಂದು ಬರೆದರೆ ನೌಕರಿ ಉಳಿಯುತ್ತದೆಯೇ? ಬಹಳ ಹೊತ್ತು ಯೋಚಿಸಿ "ಹೊಟ್ಟೆನೋವು" ಎಂದು ಬರೆದೆ. ಎರಡನೆಯ ತಾಟೂ ಬರಿದಾಗಿದ್ದರಿಂದ ಅದೇನೂ ಸುಳ್ಳಾಗಿರಲಿಲ್ಲ.